ಪಿಟೀಲು ಮೇಷ್ಟ್ರು ಬೇಕಾಗಿದ್ದಾರೆ

ವಾದ್ಯಗಳಲ್ಲಿ ಕರುಣೆ ಇರುವವು, ಇಲ್ಲದವು ಅಂತ ಎರಡು ಜಾತಿ. ಹಾರ್ಮೋನಿಯಂ ಪರಮ ಕರುಣಾಮಯಿ. ನೆಂಟರ ಮಗು ಬಿಸ್ಕತ್ತು ಹಿಡಿದ ಕೈಯಲ್ಲೇ ಒತ್ತಿದರೂ ಸ್ಪಷ್ಟವಾಗಿ ಒಂದು ಸ್ವರ ಕೊಟ್ಟು ಕಳಿಸುತ್ತದೆ. ವೀಣೆಯಲ್ಲಿ 24 ಮೆಟ್ಟಿಲು ಕೂರಿಸಿದ್ದಾರೆ. ಬೆರಳು ಕೊಂಚ ಆಚೀಚೆ ಬಿದ್ದರೂ ಮೆಟ್ಟಿಲು ಮಾನ ಕಾಪಾಡುತ್ತದೆ. ಪಿಟೀಲಿಗೆ ಮೆಟ್ಟಿಲೂ ಇಲ್ಲ, ಮುಲಾಜೂ ಇಲ್ಲ. ನುಣ್ಣಗಿನ ಕರೀ ಪಟ್ಟಿ, ಅದರ ಮೇಲೆ ನಾಲ್ಕು ತಂತಿ. ಗಾಂಧಾರ ಎಲ್ಲಿದೆ ಅಂತ ಹುಡುಕಿಕೊಳ್ಳುವುದು ನುಡಿಸುವವರ ಹಣೆಬರಹ. ಅದರ ಮೇಲೆ ಬಲಗೈಯಲ್ಲಿ ಕಮಾನು. ಅದುಮಿದರೆ ಕಿರುಚುತ್ತದೆ, ಸಡಿಲ ಬಿಟ್ಟರೆ ಪಿಸುಗುಟ್ಟುತ್ತದೆ, ವಾರೆಯಾದರೆ ಶಿಳ್ಳೆ ಹಾಕುತ್ತದೆ. ಹೊಸದಾಗಿ ಪಿಟೀಲು ಹಿಡಿದ ಮಗು ಇರುವ ಮನೆಯಲ್ಲಿ ಮೊದಲ ಒಂದೆರಡು ವರ್ಷ ಎಣ್ಣೆ ಕಾಣದ ಬಾಗಿಲೊಂದು ಸಂಜೆ ಆರರಿಂದ ಏಳರವರೆಗೆ ತೆರೆಯುತ್ತ, ಮುಚ್ಚುತ್ತ ಇರುತ್ತದೆ. ತಾತ ಕಿವಿಯ ಮೆಷೀನು ತೆಗೆದಿಟ್ಟು ನೆಮ್ಮದಿಯಾಗಿ ಪೇಪರು ಓದುತ್ತಾರೆ. ಮೆಷೀನಿಲ್ಲದವರ ಪಾಡು ಕೇಳಬೇಡಿ.

ಇಂಥ ವಾದ್ಯಕ್ಕೆ ಮೇಷ್ಟ್ರನ್ನು ಹುಡುಕಿಕೊಡುವ ಹೊಣೆ ನನ್ನ ತಲೆಗೆ ಬಂತು. ನಮ್ಮ ಕಡೆಯವರಲ್ಲಿ ಸಂಗೀತದ ಮಾತು ಏನೇ ಬಂದರೂ ನನ್ನನ್ನೇ ಕೇಳುತ್ತಾರೆ. ಕಾರಣ ನನ್ನ ವಿದ್ವತ್ತು ಅಂತ ತಿಳಿಯಬೇಡಿ. ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಚೇರಿಗಳಿವೆಯಲ್ಲ, ಅಲ್ಲಿ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದ ನನ್ನನ್ನು ನೆಂಟರೊಬ್ಬರು ನೋಡಿಬಿಟ್ಟಿದ್ದಾರೆ. ತನ್ಮಯತೆಗೂ ತೂಕಡಿಕೆಗೂ ಇರುವ ವ್ಯತ್ಯಾಸ ನಮ್ಮ ನೆಂಟರಿಗೆ ತಿಳಿಯುವುದಿಲ್ಲ. ನಿಜ ಹೇಳಬೇಕೆಂದರೆ ಕಚೇರಿಯ ಎರಡನೇ ಗಂಟೆಯ ಮೇಲೆ ನನಗೂ ತಿಳಿಯುವುದಿಲ್ಲ.

ಫೋನು ಮಾಡಿದವಳು ತಂಗಿ.

"ಅಣ್ಣಾ, ಪುಟ್ಟಿಗೆ ಒಂದು ಒಳ್ಳೇ ಪಿಟೀಲು ಮೇಷ್ಟ್ರನ್ನ ನೋಡಿಕೊಡೋ."

"ಒಳ್ಳೇ ಅಂದ್ರೆ?"

"ಮನೆಗೆ ಹತ್ತಿರ ಇರಬೇಕು."

ಬೆಂಗಳೂರಿನಲ್ಲಿ ಒಳ್ಳೆಯತನವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ, ಇದು ಹೊಸದೇನಲ್ಲ. ಪಟ್ಟಿ ಮುಂದುವರಿಯಿತು. ಶನಿವಾರ ಮಧ್ಯಾಹ್ನವೇ ಕ್ಲಾಸಿರಬೇಕು, ಏಕೆಂದರೆ ಉಳಿದ ದಿನ ಗಣಿತದ ಟ್ಯೂಷನ್ನು, ಈಜು, ಅಬಾಕಸ್ಸು. ಬೈಯಬಾರದು, ಆದರೆ ಭಯ ಇರಬೇಕು. ವರ್ಷದೊಳಗೆ ಸ್ಟೇಜು ಹತ್ತಿಸಬೇಕು, ಆದರೆ ಓದಿಗೆ ತೊಂದರೆಯಾಗಬಾರದು. ಕಾರು ನಿಲ್ಲಿಸಲು ಜಾಗ ಇರಬೇಕು. ಪಟ್ಟಿಯಲ್ಲಿ ಎಲ್ಲ ಇತ್ತು, ಪುಟ್ಟಿ ಒಬ್ಬಳನ್ನು ಬಿಟ್ಟು. ಅವಳು ಏಳನೇ ಕ್ಲಾಸು. ನಮ್ಮ ಕಾಲದ ಲೆಕ್ಕದಲ್ಲಿ ಮಿಡ್ಲ್ ಸ್ಕೂಲಿನ ಕೊನೇ ಬೆಂಚು. ಅಪ್ಪ ಅಮ್ಮ ಹೇಳಿದ್ದಕ್ಕೆಲ್ಲ "ಹೂಂ" ಅನ್ನುವ ವಯಸ್ಸು ಮುಗಿದಿದೆ, "ಉಹೂಂ" ಅನ್ನುವ ಧೈರ್ಯ ಇನ್ನೂ ಪೂರ್ತಿ ಬಂದಿಲ್ಲ.

ಮೊದಲನೇ ಜಗಳ ಕೂತು ನುಡಿಸುವುದೋ ನಿಂತು ನುಡಿಸುವುದೋ ಎಂಬುದರ ಮೇಲೆ. ಭಾವನವರು ನಿಲ್ಲುವ ಪಕ್ಷ. ಅವರ ಆಫೀಸಿನವರೊಬ್ಬರ ಮಗ ಟ್ರಿನಿಟಿ ಕಾಲೇಜಿನ ವೆಸ್ಟರ್ನ್ ಪರೀಕ್ಷೆ ಕಟ್ಟುತ್ತಿದ್ದಾನಂತೆ. 1ರಿಂದ 8ರವರೆಗೆ ಗ್ರೇಡು, ಲಂಡನ್ನಿನ ಸರ್ಟಿಫಿಕೇಟು, ನಾಳೆ ಹೊರದೇಶದ ಕಾಲೇಜಿಗೆ ಅರ್ಜಿ ಹಾಕುವಾಗ ಅನುಕೂಲ. ಅಜ್ಜಿ, ಅಂದರೆ ತಂಗಿಯ ಅತ್ತೆ, ಕೂರುವ ಪಕ್ಷ. "ಹೆಣ್ಣುಮಗು ಗದ್ದದ ಕೆಳಗೆ ಅದನ್ನ ಒತ್ತಿಕೊಂಡು, ಕತ್ತು ಸೊಟ್ಟ ಮಾಡಿಕೊಂಡು ನಿಂತುಕೋಬೇಕಾ? ಚೌಡಯ್ಯನೋರು ಹಾಗೆ ನಿಂತಿದ್ರಾ?"

ಅಜ್ಜಿಯ ಮಾತಿನಲ್ಲಿ ಚರಿತ್ರೆ ಇದೆ. ಸುಮಾರು ಇನ್ನೂರು ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿನ ವಾದಕರೊಬ್ಬರಿಂದ ಈ ವಾದ್ಯ ಕಲಿತು, ನಮ್ಮ ಸಂಗೀತಕ್ಕೆ ಅದನ್ನು ತಂದರು. 1834ರಲ್ಲಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ತಂಜಾವೂರಿನ ವಡಿವೇಲು ಅವರಿಗೆ ದಂತದ ಪಿಟೀಲನ್ನೇ ಬಹುಮಾನ ಕೊಟ್ಟರು. ಅಷ್ಟು ಹೊತ್ತಿಗೆ ಪಿಟೀಲು ಇಲ್ಲಿನ ಅನ್ನ ಸಾರು ಉಂಡು ಚಕ್ಕಂಬಕ್ಕಲ ಹಾಕಿ ಕೂತಾಗಿತ್ತು. ಅದರ ಬುಡ ಎಡ ಎದೆಗೆ, ಸುರುಳಿ ಮಾಡಿದ ತಲೆ ಬಲಗಾಲಿನ ಹರಡಿನ ಮೇಲೆ. ಹೀಗೆ ಎರಡು ಕಡೆ ಆನಿಕೊಂಡಾಗ ಎಡಗೈಗೆ ವಾದ್ಯ ಹೊರುವ ಕೆಲಸವೇ ಇರುವುದಿಲ್ಲ. ಬೆರಳು ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಜಾರಬಹುದು, ಗಮಕ ಬರಬಹುದು. ಶ್ರುತಿಯೂ ಬೇರೆ. ಅವರದು ಜಿ, ಡಿ, ಎ, ಇ. ನಮ್ಮದು ಸ, ಪ, ಸ, ಪ. ಎರಡೂ ಘನವಾದ ವಿದ್ಯೆಗಳೇ. ಆದರೆ ಮಂಗಳವಾರ ನಿಂತು, ಶನಿವಾರ ಕೂತು ಕಲಿಯುತ್ತೇನೆ ಅಂತ ಹೊರಟ ಮಗುವಿಗೆ ಮೊದಮೊದಲು ಎರಡೂ ಬರುವುದಿಲ್ಲ.

"ನಿಂಗೇನು ಬೇಕೇ?" ಅಂತ ಪುಟ್ಟಿಯನ್ನು ಕೇಳಿದೆ. "ಸಿನಿಮಾ ಹಾಡು ನುಡಿಸೋಕೆ ಬರಬೇಕು ಮಾಮ. ಕೂತ್ರೂ ಸರಿ, ನಿಂತ್ರೂ ಸರಿ." ಮೂರು ತಲೆಮಾರಿನಲ್ಲಿ ಬುದ್ಧಿವಂತಿಕೆಯ ಮಾತಾಡಿದವಳು ಅವಳೊಬ್ಬಳೇ. ಕಡೆಗೆ ಅಜ್ಜಿ ಗೆದ್ದರು. ಕಾರಣ ಶಾಸ್ತ್ರವಲ್ಲ, ಕ್ಲಾಸಿಗೆ ಕರೆದುಕೊಂಡು ಹೋಗಿ ಬರುವವರು ಅವರೇ ಆಗಿದ್ದರು.

ಅಷ್ಟರಲ್ಲಿ ಭಾವನವರು ಇನ್ನೊಂದು ಘನಕಾರ್ಯ ಮಾಡಿ ಮುಗಿಸಿದ್ದರು. ಮೇಷ್ಟ್ರು ಸಿಗುವ ಮೊದಲೇ ಆನ್‌ಲೈನಿನಲ್ಲಿ ಪಿಟೀಲು ತರಿಸಿದ್ದರು. ಗುಲಾಬಿ ಬಣ್ಣ! ಜೊತೆಗೆ ಗುಲಾಬಿ ಪೆಟ್ಟಿಗೆ, ಗುಲಾಬಿ ಕಮಾನು. ಬಿರಡೆ ತಿರುಗಿಸಿದರೆ ನಿಲ್ಲುವುದಿಲ್ಲ, ನಿಂತರೆ ತಿರುಗುವುದಿಲ್ಲ. ಕಮಾನಿಗೆ ಹಚ್ಚುವ ರಾಳದ ಬಿಲ್ಲೆಯನ್ನು ಮೈಸೋಪು ಅಂದುಕೊಂಡು ಪುಟ್ಟಿಯ ತಮ್ಮ ಬಚ್ಚಲಿಗೆ ಒಯ್ದಿದ್ದ. ಕಮಾನಿನದು ಕುದುರೆ ಬಾಲದ ಕೂದಲು, ಬೆರಳು ತಾಕಿಸಿದರೆ ಜಿಡ್ಡಾಗಿ ತಂತಿ ಹಿಡಿಯುವುದಿಲ್ಲ ಅಂತ ನಾನು ಹೇಳುವ ಹೊತ್ತಿಗೆ ಮನೆಮಂದಿಯೆಲ್ಲ ಅದನ್ನು ಸವರಿ "ಎಷ್ಟು ನಯವಾಗಿದೆ!" ಅಂತ ಮೆಚ್ಚಿಕೊಂಡಾಗಿತ್ತು.

ಬಣ್ಣ ಹಾಳಾಗಲಿ, ಅಳತೆ ನೋಡಬೇಡವೇ? ಪಿಟೀಲಿನಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಸೈಜುಗಳಿವೆ. ಏಳನೇ ಕ್ಲಾಸಿನ ಮಕ್ಕಳು ಮುಕ್ಕಾಲಿಗೂ ಪೂರ್ತಿಗೂ ನಡುವಿನ ಗಡಿಯಲ್ಲಿರುತ್ತಾರೆ. ಒಂದು ಬೇಸಿಗೆ ರಜೆ ಕಳೆಯುವಷ್ಟರಲ್ಲಿ ತೋಳು ಉದ್ದವಾಗಿ, ಹೋದ ವರ್ಷದ ಯೂನಿಫಾರಂ ಮೊಣಕೈಗೆ ಬಂದಿರುತ್ತದೆ. ಎಡತೋಳನ್ನು ಚಾಚಿಸಿ, ಸುರುಳಿಯ ತುದಿ ಅಂಗೈಗೆ ಆರಾಮವಾಗಿ ಸಿಗುತ್ತದೆಯೇ ಅಂತ ನೋಡಬೇಕು. ಇದನ್ನು ನೋಡಬೇಕಾದವರು ಮೇಷ್ಟ್ರು. ಮೊದಲು ಅವರನ್ನು ಹುಡುಕಿ, ಆಮೇಲೆ ಅವರನ್ನೇ ಕರೆದುಕೊಂಡು ಬಳೇಪೇಟೆಯ ವಾದ್ಯದಂಗಡಿಗೆ ಹೋಗಿ ಅಂದೆ. "ಸೇಲಿನಲ್ಲಿತ್ತು ಭಾವ," ಅಂದರು ಭಾವನವರು. ಸೇಲು ಅಂದಮೇಲೆ ನಮ್ಮ ದೇಶದಲ್ಲಿ ವಾದ ಮುಗಿಯಿತು.

ಇನ್ನು ಮೇಷ್ಟ್ರುಗಳು. ಊರಲ್ಲಿ ಅವರಿಗೆ ಬರವಿಲ್ಲ. ಹುಡುಕಲು ಹೊರಟರೆ ಥರಾವರಿ ಸಿಗುತ್ತಾರೆ.

ಒಬ್ಬರು ದೊಡ್ಡ ವಿದ್ವಾಂಸರು. ಅವರ ತೋಡಿ ಕೇಳಿದರೆ ಕೂತಲ್ಲೇ ಕರಗಬೇಕು. ಆದರೆ ಡಿಸೆಂಬರು, ಜನವರಿಯಲ್ಲಿ ಅವರು ಚೆನ್ನೈನಲ್ಲಿ, ರಾಮನವಮಿಗೆ ಊರೂರು, ಅದಾದ ಮೇಲೆ ಅಮೆರಿಕ. ಅಲ್ಲಿನ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ತ್ಯಾಗರಾಜರ ಆರಾಧನೆ ನಡೆಯುತ್ತಿದೆ, ಹೋಗದಿದ್ದರೆ ಹೇಗೆ? ಉಳಿದ ದಿನಗಳಲ್ಲಿ ಪಾಠ ಉಂಟು, ಹೇಳಿಕೊಡುವವರು ಅವರ ಶಿಷ್ಯರ ಶಿಷ್ಯರು. ಮಗು ಹೆಸರು ಹೇಳಿಕೊಳ್ಳುವುದು ಮಾತ್ರ ದೊಡ್ಡವರದು.

ಇನ್ನೊಬ್ಬರು ಪರೀಕ್ಷಾ ಪಂಡಿತರು. ಜೂನಿಯರ್, ಸೀನಿಯರ್, ವಿದ್ವತ್ತು ಅಂತ ಮೆಟ್ಟಿಲು ಕಟ್ಟಿಟ್ಟಿದ್ದಾರೆ. ಗೋಡೆಯ ತುಂಬ ಫಸ್ಟ್ ಕ್ಲಾಸ್ ಬಂದವರ ಫೋಟೋ. ಅಲ್ಲಿನ ಮಕ್ಕಳು ವಾಗ್ಗೇಯಕಾರರ ಜೀವನಚರಿತ್ರೆಯನ್ನು ಉಸಿರು ಬಿಡದೆ ಒಪ್ಪಿಸುತ್ತಾರೆ. ಸಿಲಬಸ್ಸಿನಲ್ಲಿಲ್ಲದ ರಾಗ ಕೇಳಿದರೆ ಮಾತ್ರ ಮುಂದಿನ ವರ್ಷ ಬನ್ನಿ ಅನ್ನುತ್ತಾರೆ.

ಮೂರನೆಯವರು ವೇಗದೂತರು. ಆರು ತಿಂಗಳಲ್ಲಿ ವರ್ಣ! ಸರಳೆ, ಜಂಟಿ, ಅಲಂಕಾರ ಎಲ್ಲ ಒಂದೇ ಮಳೆಗಾಲದಲ್ಲಿ ಮುಗಿಸುತ್ತಾರೆ. ಅವರ ಶಿಷ್ಯನೊಬ್ಬನ ವರ್ಣ ಕೇಳಿದೆ. ಎಲ್ಲ ಸ್ವರಗಳೂ ಬಂದವು, ಅವುಗಳ ಜಾಗಕ್ಕೆ ಮಾತ್ರ ಬರಲಿಲ್ಲ.

ನಾಲ್ಕನೆಯವರು ಕಥೆಗಾರರು. ಮುಕ್ಕಾಲು ಗಂಟೆಯ ಪಾಠದಲ್ಲಿ ಹತ್ತು ನಿಮಿಷ ಶ್ರುತಿ ಮಾಡುತ್ತಾರೆ, ಅರ್ಧ ಗಂಟೆ ತಮ್ಮ ಗುರುಗಳು ತಮ್ಮನ್ನು ಹೇಗೆ ಬೈಯುತ್ತಿದ್ದರು ಎಂಬುದನ್ನು ಅಭಿನಯಿಸಿ ತೋರಿಸುತ್ತಾರೆ. ಅಜ್ಜಿಗೆ ಇವರೇ ಬಹಳ ಹಿಡಿಸಿದರು. "ಎಷ್ಟು ಚೆನ್ನಾಗಿ ಮಾತಾಡ್ತಾರೆ!"

ಐದನೆಯವರು ಆನ್‌ಲೈನು. ದೂರದೇಶದ ನಮ್ಮವರ ಮಕ್ಕಳಿಗೆ ಇದು ವರವೇ, ನಗಾಡುವಂತಿಲ್ಲ. ಆದರೆ ಹೊಸಬರಿಗೆ ಕಷ್ಟ. ಮೇಷ್ಟ್ರ ತಾಳ ಮಗುವಿಗೆ ತಲುಪಿ, ಮಗುವಿನ ನಾದ ವಾಪಸು ಹೋಗುವಷ್ಟರಲ್ಲಿ ಒಂದಕ್ಷರ ಕಾಲ ಜಾರಿರುತ್ತದೆ. ಇಬ್ಬರೂ ಜೊತೆಯಾಗಿ ನುಡಿಸುವ ಹಾಗಿಲ್ಲ. ಅದಕ್ಕಿಂತ ಮಜಾ ಅಂದರೆ, ವಿಡಿಯೋ ಕರೆಯ ಆ್ಯಪುಗಳು ಮನುಷ್ಯರ ಮಾತನ್ನು ಉಳಿಸಿ ಗಲಾಟೆಯನ್ನು ಅಳಿಸುವಂತೆ ಮಾಡಿದವು. ಪುಟ್ಟಿ ಕಮಾನು ಎಳೆದಳು. ಆ್ಯಪು ಅದನ್ನು ಗಲಾಟೆ ಅಂತ ತೀರ್ಮಾನಿಸಿ ಅಳಿಸಿಹಾಕಿತು. ಪಕ್ಕದ ಮನೆಯವರಿಗೂ ಅದೇ ಆ್ಯಪು ಸಿಗುತ್ತದೆಯೇ ಅಂತ ತಾತ ವಿಚಾರಿಸಿದರು. ಸೆಟ್ಟಿಂಗಿನಲ್ಲಿ ಆ ಸೋಸುವಿಕೆಯನ್ನು ಆರಿಸಬಹುದು ಅಂತ ನಾನು ಹೇಳಿದ್ದಕ್ಕೆ ತಾತನಿಗೆ ಈಗಲೂ ನನ್ನ ಮೇಲೆ ಕೋಪವಿದೆ.

ಈ ಸುತ್ತಾಟದ ನಡುವೆ ಭಾವನವರು ಎಲ್ಲಿಂದಲೋ "ಬಾನಿ" ಅನ್ನುವ ಪದ, ಅಂದರೆ ನುಡಿಸುವ ಶೈಲಿ, ಹೆಕ್ಕಿಕೊಂಡು ಬಂದರು. ಹೋದ ಕಡೆಯಲ್ಲೆಲ್ಲ ಕಾಲ ಮೇಲೆ ಕಾಲು ಹಾಕಿ, "ತಮ್ಮದು ಲಾಲ್ಗುಡಿ ಬಾನಿಯೋ, ಪರೂರು ಬಾನಿಯೋ?" ಪುಟ್ಟಿ ಇನ್ನೂ ಕಮಾನು ಹಿಡಿಯುವುದು ಯಾವ ತುದಿಯಿಂದ ಅಂತ ಕಲಿತಿಲ್ಲ. ಅವಳಿಗೆ ಸದ್ಯಕ್ಕೆ ಒಂದೇ ಬಾನಿ, ಬೆರಳು ನೋಯುವ ಬಾನಿ.

"ಚೆನ್ನಾಗಿ ನುಡಿಸುವವರೇ ಆಗಬೇಕು ಭಾವ, ಅದರಲ್ಲಿ ರಾಜಿ ಇಲ್ಲ," ಅನ್ನುವುದು ಅವರ ಇನ್ನೊಂದು ಪಟ್ಟು. ಅದಕ್ಕೆ ನಾನು ಅವರನ್ನು ವೈಯಾಲಿಕಾವಲಿಗೆ ಕರೆದುಕೊಂಡು ಹೋಗಿ ಚೌಡಯ್ಯ ಸ್ಮಾರಕ ಭವನದ ಎದುರು ನಿಲ್ಲಿಸಿದೆ. 1980ರಲ್ಲಿ ತೆರೆದ, ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣ. ತಂತಿ, ಬಿರಡೆ, ಕಮಾನು ಎಲ್ಲ ಕಾಂಕ್ರೀಟಿನಲ್ಲುಂಟು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಹುಡುಗನೊಬ್ಬ ಹಳೇ ಮೈಸೂರಿನ ಮನೆಮನೆಯ ಮಾತಿನಲ್ಲಿ "ಪಿಟೀಲು ಚೌಡಯ್ಯ" ಆದ. ಮೈಕು ಅಪರೂಪವಾಗಿದ್ದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. 1957ರಲ್ಲಿ ಮದರಾಸು ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಆದರು.

"ಇಂಥವರಿಗೆ ಪಾಠ ಹೇಳಿದ ಗುರುಗಳು ಎಂಥ ಪಿಟೀಲುವಾದಕರಿರಬೇಕು!" ಅಂದರು ಭಾವನವರು.

"ಬಿಡಾರಂ ಕೃಷ್ಣಪ್ಪನವರು. ಹಾಡುಗಾರರು."

ಭಾವನವರು ಕಾಂಕ್ರೀಟು ಕಮಾನನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಬಿಡಲಿಲ್ಲ. ನಮ್ಮ ಸಂಗೀತದಲ್ಲಿ ಪಿಟೀಲು ಬಾಯಿಯ ಬೆನ್ನು ಹತ್ತಿದ ವಾದ್ಯ. ಹಾಡಿದ್ದನ್ನು ಹಿಡಿಯಬೇಕು, ಹಾಡಿದ ಹಾಗೆ ಕೇಳಬೇಕು. ಬೆರಳಿಗೆ ಮೊದಲು ಕಿವಿಗೆ, ಕಿವಿಗೆ ಮೊದಲು ಗಂಟಲಿಗೆ ಆ ಸ್ವರ ಗೊತ್ತಾಗಬೇಕು. ಮೊದಲ ಪಾಠಗಳಲ್ಲಿ ಕಮಾನಿನ ಹಿಡಿತ, ಬೆರಳಿನ ನಿಲುವು ತಿದ್ದಲು ವಾದ್ಯ ಬಲ್ಲವರೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಷ್ಟ್ರ ಮನೆಗೆ ಹೋದಾಗ "ನೀವೆಷ್ಟು ಕಚೇರಿ ನುಡಿಸಿದ್ದೀರಿ?" ಅಂತ ಕೇಳುವ ಬದಲು "ಮಕ್ಕಳ ಕೈಲಿ ಹಾಡಿಸುತ್ತೀರಾ?" ಅಂತ ಕೇಳಿ ನೋಡಿ. ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.

ಉಳಿದರ್ಧ ತಿಳಿಯಬೇಕಾದರೆ ಮೇಷ್ಟ್ರ ಮುಖ ನೋಡಬೇಕು. ಅವರು ನುಡಿಸುವಾಗ ಬೇಡ, ಮಕ್ಕಳು ನುಡಿಸುವಾಗ.

ಇದರ ಹಿಂದೆ ಒಂದು ಗುಟ್ಟಿದೆ. ಆರು ವರ್ಷದ ಮಗುವಿಗೆ ತಾನು ಅಪಸ್ವರ ನುಡಿಸುತ್ತಿದ್ದೇನೆ ಅಂತ ಗೊತ್ತೇ ಆಗುವುದಿಲ್ಲ, ಖುಷಿಯಾಗಿ ಕುಯ್ಯುತ್ತಿರುತ್ತದೆ. ಮೂವತ್ತರವರಿಗೆ ಗೊತ್ತಾಗುತ್ತದೆ, ಆದರೆ ಅವರು ಫೀಸು ತಾವೇ ಕಟ್ಟಿರುತ್ತಾರೆ, ನಾಚಿಕೆ ಬಿಟ್ಟಿರುತ್ತಾರೆ. ಹನ್ನೆರಡರ ವಯಸ್ಸೇ ಕಷ್ಟದ್ದು. ಕಿವಿ ಆಗಲೇ ಬೆಳೆದುಬಿಟ್ಟಿದೆ, ಸಿನಿಮಾ ಹಾಡು ಕೇಳಿ ಕೇಳಿ ಹದವಾಗಿದೆ. ಬೆರಳು ಇನ್ನೂ ಅಂಬೆಗಾಲು. ತಾನು ಎಳೆದ ರಿಷಭ ತನಗೇ ಕೆಟ್ಟದಾಗಿ ಕೇಳುತ್ತದೆ. ಜೊತೆಗೆ ಕ್ಲಾಸಿನಲ್ಲಿ ಅದೇ ಪಾಠವನ್ನು ಸಲೀಸಾಗಿ ನುಡಿಸುವ ಎಂಟು ವರ್ಷದ ಪೋರನೊಬ್ಬ ಇದ್ದೇ ಇರುತ್ತಾನೆ. ಮಿಡ್ಲ್ ಸ್ಕೂಲಿನಲ್ಲಿ ಪಿಟೀಲು ಬಿಟ್ಟ ಮಕ್ಕಳು "ಹೋಂವರ್ಕ್ ಜಾಸ್ತಿ" ಅಂತ ಕಾರಣ ಕೊಡುತ್ತಾರೆ. ನಂಬಬೇಡಿ. ಹೋಂವರ್ಕಿಗೆ ಹೆದರುವ ವಯಸ್ಸಲ್ಲ ಅದು, ನಗೆಪಾಟಲಿಗೆ ಹೆದರುವ ವಯಸ್ಸು.

ಆದ್ದರಿಂದ ಮಗು ತಪ್ಪು ಸ್ವರ ಎಳೆದ ಆ ಕ್ಷಣ ಮೇಷ್ಟ್ರ ಮುಖ ನೋಡಿ. ಒಂದು ಮುಖ ಹಾಗಲಕಾಯಿ ಕಚ್ಚಿದ್ದು. ಬಾಯಿಬಿಟ್ಟು ಬೈಯದಿದ್ದರೂ ಮಗು ಅದನ್ನು ಓದಿಬಿಡುತ್ತದೆ. ಇನ್ನೊಂದು ಮುಖ ಮೊಬೈಲಿನಲ್ಲಿದ್ದು, ಅಲ್ಲಿಂದಲೇ "ಸೂಪರ್, ನೆಕ್ಸ್ಟ್" ಅನ್ನುತ್ತದೆ. ಹೊಗಳಿದ್ದು ಸುಳ್ಳು ಅಂತ ತಿಳಿಯುವುದಕ್ಕೆ ಮಗುವಿಗೆ ಒಂದು ತಿಂಗಳು ಸಾಕು. ಮೂರನೇ ಮುಖಕ್ಕೆ ಏನೂ ಆಗುವುದಿಲ್ಲ. ಕಿವಿ ಕೊಟ್ಟು ಪೂರ್ತಿ ಕೇಳುತ್ತಾರೆ, ತಾವೇ ಆ ಸ್ವರ ಹಾಡುತ್ತಾರೆ, "ಇದಕ್ಕಿಂತ ಮೇಲಿದ್ಯಾ ನಿಂದು, ಕೆಳಗಿದ್ಯಾ?" ಅಂತ ಮಗುವನ್ನೇ ಕೇಳುತ್ತಾರೆ. ಮಗು ಬೆರಳನ್ನು ಕೂದಲೆಳೆಯಷ್ಟು ಸರಿಸುತ್ತದೆ. ಅಪಸ್ವರದ ಪಕ್ಕದಲ್ಲಿ ಹೀಗೆ ಕೂರಬಲ್ಲವರು ಸಿಕ್ಕರೆ ಬಾನಿ, ಬಿರುದು, ಫೋಟೋ ಗೋಡೆ ಎಲ್ಲ ಮರೆತುಬಿಡಿ.

ಅಂಥವರು ಒಬ್ಬರು ಸಿಕ್ಕರು. ವಯಸ್ಸಾದ ಮೇಡಂ, ಎಲ್ಲರೂ ಮಿಸ್ ಅನ್ನುತ್ತಾರೆ. ಕೇಳಿಕೊಂಡ ಮೇಲೆ ಒಂದು ಪಾಠ ನೋಡಲು ಬಿಟ್ಟರು. ಅಲ್ಲಿ ನಾನು ಬಹುಮಾನ ಪಡೆದ ಹುಡುಗನನ್ನು ಬಿಟ್ಟು, ಎರಡನೇ ವರ್ಷದ ಮಾಮೂಲಿ ಮಕ್ಕಳನ್ನು ನೋಡಿದೆ. ಕಮಾನುಗಳು ತಂತಿಗೆ ಅಡ್ಡಲಾಗಿ ನೇರ ಓಡಾಡುತ್ತಿದ್ದವು. ಶ್ರುತಿ ಕೆಟ್ಟಾಗ ಮಿಸ್ ವಾದ್ಯವನ್ನು ಕಿತ್ತುಕೊಳ್ಳದೆ ಮಗುವಿನ ಕೈಲೇ ಬಿರಡೆ ತಿರುಗಿಸಿದರು. ಆಮೇಲೆ ಮಾಯಾಮಾಳವಗೌಳ. ಪುರಂದರದಾಸರು ಮೊದಲ ಪಾಠಕ್ಕೆ ಆರಿಸಿಕೊಟ್ಟ ರಾಗ ಅಂತ ಸಂಪ್ರದಾಯ ಹೇಳುತ್ತದೆ. ಷಡ್ಜದ ತಂತಿಯಲ್ಲಿ ಸ ರಿ ಗ ಮ ನುಡಿಸಿದ ಹುಡುಗಿಗೆ ಮಿಸ್ ಹೇಳಿದರು: "ಈಗ ಬೆರಳನ್ನ ಅಲ್ಲೇ ಇಟ್ಟುಕೊಂಡು ಪಕ್ಕದ ತಂತಿಗೆ ಹೋಗಮ್ಮ." ಪ ದ ನಿ ಸ ತಾನಾಗಿ ಬಂತು! ಅದೇ ಬೆರಳು, ಅದೇ ಅಂತರ. ಆ ರಾಗದ ಎರಡು ಅರ್ಧಗಳೂ ಒಂದೇ ಅಳತೆಯವು; ಪಂಚಮಕ್ಕೆ ಕಟ್ಟಿದ ಪಿಟೀಲಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಭಾವನವರೂ ಬಾಯಿ ಬಿಟ್ಟುಕೊಂಡರು. ಬಾನಿ ಕೇಳಲು ತೆರೆದ ಬಾಯಿ, ಪುಣ್ಯಕ್ಕೆ ಹಾಗೇ ಉಳಿಯಿತು.

ನಾವು ಮೇಷ್ಟ್ರನ್ನು ಪರೀಕ್ಷಿಸಲು ಹೋದವರು ಎಂಬ ಭ್ರಮೆ ಆಮೇಲೆ ಹರಿಯಿತು. ಮಿಸ್ ಕಾಫಿ ಕೊಟ್ಟು ಪ್ರಶ್ನೆ ಶುರು ಮಾಡಿದರು.

"ಅವಳು ಅಭ್ಯಾಸ ಮಾಡೋ ಹೊತ್ತಲ್ಲಿ ಮನೇಲಿ ಟೀವಿ ಇರುತ್ತಾ?"

ತಂಗಿ ಅತ್ತೆಯ ಮುಖ ನೋಡಿದಳು. ಅತ್ತೆ ಸೂರು ನೋಡಿದರು.

"ನೆಂಟರು ಬಂದಾಗ, ಅಂಕಲ್‌ಗೆ ಒಂದು ನುಡಿಸಿ ತೋರಿಸು ಪುಟ್ಟಿ ಅಂತೀರಾ?"

"ಛೆ ಛೆ!" ಅಂದೆವು ಎಲ್ಲರೂ ಒಂದೇ ಶ್ರುತಿಯಲ್ಲಿ.

"ಭಾನುವಾರ ಎರಡು ಗಂಟೆ ಕೂರಿಸಿ ಲೆಕ್ಕ ಸರಿ ಮಾಡೋದು ಬೇಡ. ದಿನಾ ಇಪ್ಪತ್ತು ನಿಮಿಷ ಸಾಕು. ಮೊದಲೆರಡು ತಿಂಗಳು ಬೆರಳು ಇಡೋದೇ ಇಲ್ಲ, ಬರೀ ಸಾ, ಪಾ. ಅಷ್ಟಕ್ಕೇ ಯಾಕೆ ಫೀಸು ಅಂತ ಕೇಳೋ ಹಾಗಿದ್ರೆ ಈಗಲೇ ಕೇಳಿ."

ಭಾವನವರು ಕೇಳುವವರೇ ಇದ್ದರು. ಅಜ್ಜಿ ಅವರ ಕಾಲು ತುಳಿದರು.

ಕಡೆಗೆ ಪುಟ್ಟಿಯ ಕಡೆ ತಿರುಗಿದರು. "ನಿಂಗ್ಯಾಕಮ್ಮ ಪಿಟೀಲೇ ಬೇಕು?"

ಅಷ್ಟು ದಿನದಲ್ಲಿ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಂಗೆ ಎಲ್ಲರ ಮುಂದೆ ಹಾಡೋಕೆ ನಾಚಿಕೆ ಮಿಸ್. ಇದಾದ್ರೆ ಬಾಯಿ ಬಿಡೋ ಹಾಗಿಲ್ಲ."

ಮಿಸ್ ಮನಸಾರೆ ನಕ್ಕರು. "ಇಲ್ಲಿ ಮೊದಲು ಹಾಡಿ, ಆಮೇಲೇ ನುಡಿಸೋದು. ಆದ್ರೆ ನನ್ನೊಬ್ಬಳ ಮುಂದೆ. ಆಗಬಹುದಾ?" ಪುಟ್ಟಿ ಯೋಚಿಸಿ ಹೂಂ ಅಂದಳು. ಅಪ್ಪ ಅಮ್ಮನನ್ನು ಕೇಳಿ ಹೇಳುತ್ತೇನೆ ಅನ್ನಲಿಲ್ಲ. ಗುಲಾಬಿ ಪಿಟೀಲನ್ನು ಮಿಸ್ ಒಮ್ಮೆ ನೋಡಿ, "ಷೋಕೇಸಿಗೆ ಚೆನ್ನಾಗಿರುತ್ತೆ," ಅಂದು ಒಳಗಿಂದ ತಮ್ಮ ಹಳೇ ಮುಕ್ಕಾಲು ಸೈಜಿನದನ್ನು ತಂದುಕೊಟ್ಟರು.

ಈಗ ನೀವು ನನ್ನನ್ನು ಏನು ಕೇಳಬೇಕೆಂದಿದ್ದೀರಿ ಅಂತ ನನಗೆ ಗೊತ್ತು. ಮಿಸ್ ವಿಳಾಸ ಕೊಡಲು ಅಡ್ಡಿಯಿಲ್ಲ. ಆದರೆ ಅವರು ಒಂದು ಷರತ್ತು ಹಾಕಿದ್ದಾರೆ. ಮಗುವಿನ ವಿಷಯ ಹೇಳುವುದಕ್ಕೆ ಮೊದಲು ಮನೆ ಎಲ್ಲಿ, ಎಷ್ಟು ದೂರ ಅಂತ ಕೇಳುವವರನ್ನು ಕಳಿಸಬೇಡಿ ಅಂದಿದ್ದಾರೆ.

ಏನಂದಿರಿ? ಯಾವ ಏರಿಯಾ ಅಂದಿರಾ?

ಹಾಗಾದರೆ ನಿಮಗೆ ಆ ವೇಗದೂತರೇ ಸರಿ. ಆರು ತಿಂಗಳಲ್ಲಿ ವರ್ಣ, ಪಾರ್ಕಿಂಗೂ ಬಹಳ ವಿಶಾಲವಾಗಿದೆ.